ನೀರು ತುಂಬುವ ಹಬ್ಬದ ಒಳಗೆ ಬಚ್ಚಲ ಒಲೆ

ಈ ಮಳೆಗಾಲ ಪೂರ್ತಿ ನಮ್ಮ ಅಮ್ಮ ಬಚ್ಚಲಿನಿಂದ ಅತ್ತುಕೊಂಡೇ ಹೊರಗೆ ಬರುತ್ತಿದ್ದಳು. ಕಣ್ಣು ಕೆಂಪು, ಮೂಗು ಸೋರುತ್ತಿರುತ್ತದೆ, ಮಿಂದು ಬಂದ ಮೈಗೆ ಹೊಗೆಯ ವಾಸನೆ. "ಮೀಯಲು ಹೋದದ್ದೋ ಕೊಬ್ಬರಿ ಒಣಗಿಸುವ ಗೂಡಿಗೆ ಹೋದದ್ದೋ ಗೊತ್ತಾಗುವುದಿಲ್ಲ ಮಾರಾಯ" ಅಂತ ಅವಳು ದಿನಕ್ಕೊಮ್ಮೆ ಹೇಳುವಳು. "ಓಣಂ ರಜೆಯಲ್ಲಿ ನೋಡುವ" ಅಂತ ನಾನು ದಿನಕ್ಕೊಮ್ಮೆ ಹೇಳುವೆ. ಓಣಂ ರಜೆ ಬಂತು, ಹೋಯಿತು. ಒಲೆ ಹಾಗೇ ಇತ್ತು.

ಮನೆ ಕಾಸರಗೋಡಿನ ಪೆರ್ಲದ ಹತ್ತಿರ, ಅಡಿಕೆ ತೋಟದ ತಲೆಯಲ್ಲಿ. ಬಚ್ಚಲಲ್ಲಿ ಅಜ್ಜಿಯ ಕಾಲದ ತಾಮ್ರದ ಹಂಡೆ. 10 ಲೀಟರ್ ಬಕೆಟಿನಲ್ಲಿ ಅಳೆದರೆ ಕಂಠದವರೆಗೆ 8 ಬಕೆಟ್ ಹಿಡಿಯುತ್ತದೆ. ಹಂಡೆಯ ಬಾಯಿ ಬಚ್ಚಲಿನ ಒಳಗೆ. ಒಲೆಯ ಬಾಯಿ ಗೋಡೆಯ ಆಚೆ, ಸೌದೆ ಕೊಟ್ಟಗೆಯಲ್ಲಿ. ಹೊಗೆ ಬಚ್ಚಲಿಗೆ ಬರಬಾರದು ಅಂತಲೇ ಅಜ್ಜ ಹಾಗೆ ಕಟ್ಟಿಸಿದ್ದು. ಬರುತ್ತಿದೆ ಅಂದರೆ ಒಲೆ ಬಿರುಕು ಬಿಟ್ಟಿರಬೇಕು, ಇಲ್ಲವೇ ಹೊಗೆ ಪೈಪು ಕಟ್ಟಿರಬೇಕು. ನಮ್ಮದರಲ್ಲಿ ಎರಡೂ ಆಗಿತ್ತು, ಅದರ ಮೇಲೆ ಹಂಡೆಯೂ ಸೋರುತ್ತಿತ್ತು.

ಕಾಸರಗೋಡಿನಲ್ಲಿ ಎಂಥ ಚಳಿ ಅಂತ ನೀವು ನಗಬಹುದು. ಡಿಸೆಂಬರ್, ಜನವರಿಯ ಬೆಳಗ್ಗೆ ಒಳನಾಡಿನಲ್ಲಿ 20 ಡಿಗ್ರಿ ಆಸುಪಾಸು, ಅಷ್ಟೇ. ಆದರೆ 76 ದಾಟಿದ ಅಪ್ಪನ ಮಂಡಿಗೆ ಅದೇ ಹಿಮಾಲಯ. ಇನ್ನೂ ದೊಡ್ಡ ಕಾರಣ ತಂಗಿ. ಅವಳಿಗೆ ನವೆಂಬರ್ ಕೊನೆಗೆ ಹೆರಿಗೆ, ಬಾಣಂತನ ಇಲ್ಲೇ. ಬಾಣಂತಿ ಮೀಯುವುದು ಅಂದರೆ ಎರಡು ಚೆಂಬು ನೀರಿನ ಮಾತಲ್ಲ. ತಾಯಿಗೆ, ಮಗುವಿಗೆ, ಬಟ್ಟೆಗೆ ಎಲ್ಲ ಸೇರಿ ದಿನಕ್ಕೆ ಎರಡು ಹಂಡೆ ಬಿಸಿನೀರು ಬೇಕು. ಹೊಗೆ ತುಂಬಿದ ಬಚ್ಚಲಿಗೆ ಹಸುಗೂಸನ್ನು ಒಯ್ಯಲು ಆಗುತ್ತದೆಯಾ?

ದೊಡ್ಡಮ್ಮನ ಮಗ ಕೆನಡಾದಲ್ಲಿದ್ದಾನೆ. ಅಲ್ಲಿ ಮನೆ ಬಿಸಿ ಮಾಡುವ ಫರ್ನೇಸ್‌ಗೆ ಸೆಪ್ಟೆಂಬರಿನಲ್ಲೇ ಸರ್ವಿಸ್ ಮಾಡಿಸುತ್ತಾನಂತೆ. ಫಿಲ್ಟರ್ ಬದಲಿಸಿ, ಬರ್ನರ್ ತೊಳೆದು, ಹೊಗೆ ಹೋಗುವ ದಾರಿ ನೋಡಿಸಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಒತ್ತಿ ನೋಡಿ ಮುಗಿಸುವುದು. ಮೊದಲ ಹಿಮ ಬಿದ್ದ ಮೇಲೆ ಫೋನ್ ಮಾಡಿದರೆ ಮೆಕ್ಯಾನಿಕ್ ಸಿಗುವುದಿಲ್ಲವಂತೆ, ಊರಿಡೀ ಒಂದೇ ದಿನ ನೆನಪು ಮಾಡಿಕೊಂಡಿರುತ್ತದಲ್ಲ! ಅವನು ಇದನ್ನು ಹೇಳಿದಾಗ ನನಗೆ ನಮ್ಮ ನೀರು ತುಂಬುವ ಹಬ್ಬ ನೆನಪಾಯಿತು. ನರಕ ಚತುರ್ದಶಿಯ ಮುನ್ನಾ ದಿನ ಹಂಡೆ ಖಾಲಿ ಮಾಡಿ, ತಿಕ್ಕಿ, ಒಲೆಯ ಬೂದಿ ತೆಗೆದು, ಹೊಸ ನೀರು ತುಂಬುತ್ತೇವೆ. ಚಳಿಗೆ ಸರಿಯಾಗಿ ಮುಂಚೆ, ವರ್ಷಕ್ಕೊಮ್ಮೆ. ಇದಕ್ಕಿಂತ ಒಳ್ಳೆ ಸರ್ವಿಸ್ ಡೇಟ್ ಯಾವ ಕಂಪೆನಿ ಕೊಡುತ್ತದೆ?

ತೊಡಕು ಒಂದೇ. ತೂತು ಕಾಣುವುದು ತಿಕ್ಕಿದ ಮೇಲೆ. ಹಬ್ಬದ ಸಂಜೆ ತಿಕ್ಕಿ, ಸಂಜೆಯೇ ತೂತು ಕಂಡರೆ, ಬೆಳಗ್ಗೆ ನಾಲ್ಕಕ್ಕೆ ಎಣ್ಣೆಸ್ನಾನಕ್ಕೆ ನೀರು ಎಲ್ಲಿ ಕಾಯಿಸುವುದು? ಅದಕ್ಕೆ ಈ ಸಲ ಹಬ್ಬವನ್ನು ಕೊನೆಯ ದಿನ ಅಂತ ಇಟ್ಟುಕೊಂಡು ಹಿಂದಕ್ಕೆ ಎಣಿಸಿದೆ. ಅಕ್ಟೋಬರ್ 19 ನೀರು ತುಂಬುವುದು. ಮಣ್ಣಿನ ಒಲೆ ಒಣಗಲು ಎರಡು ವಾರ. ಅಕ್ಟೋಬರ್ ನಡುವಿನಿಂದ ತುಲಾವರ್ಷದ ಗುಡುಗು ಮಳೆ, ಮಧ್ಯಾಹ್ನ ಮೇಲೆ ಏನೂ ಒಣಗುವುದಿಲ್ಲ. ಹಾಗಾದರೆ ಮಹಾಲಯ ಕಳೆದ ಕೂಡಲೇ ಹಂಡೆ ಕೆಳಗಿಳಿಯಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದೆ. ಬರೆದ ಮೇಲೆ ಅಮ್ಮ ದಿನವೂ ಓದಿ ಹೇಳತೊಡಗಿದಳು. ಇನ್ನು ತಪ್ಪಿಸಿಕೊಳ್ಳುವ ಹಾಗೆ ಇರಲಿಲ್ಲ.

ಸೆಪ್ಟೆಂಬರ್ 14, ಆದಿತ್ಯವಾರ

ರಿಪೇರಿಗೆ ಮುಂಚೆ ಅಳತೆ. ನಾನು ಶಾಲೆಯಲ್ಲಿ ವಿಜ್ಞಾನ ಹೇಳುವವ, ಲ್ಯಾಬಿನ ಥರ್ಮಾಮೀಟರ್ ಒಂದು ದಿನಕ್ಕೆ ತಂದೆ. ಅಡಿಕೆ ತೂಗುವ ತಕ್ಕಡಿಯಲ್ಲಿ ರಬ್ಬರ್ ಸೌದೆ ತೂಗಿ ಇಟ್ಟೆ. 80 ಲೀಟರ್ ನೀರು 26 ಡಿಗ್ರಿಯಿಂದ 60ಕ್ಕೆ ಬರಲು ಆರೂವರೆ ಕಿಲೋ ಸೌದೆ, 1 ಗಂಟೆ 25 ನಿಮಿಷ.

ಲೆಕ್ಕ ಹೀಗೆ. 80 ಲೀಟರ್ ನೀರನ್ನು 34 ಡಿಗ್ರಿ ಏರಿಸಲು ಸುಮಾರು 11.4 ಮೆಗಾಜೂಲ್ ಶಾಖ ಬೇಕು. ಕರೆಂಟಿನಲ್ಲಿ ಹೇಳಿದರೆ 3 ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಒಣ ಸೌದೆಯ ಒಂದು ಕಿಲೋದಲ್ಲಿ ಸುಮಾರು 16 ಮೆಗಾಜೂಲ್ ಇರುತ್ತದೆ. ಆರೂವರೆ ಕಿಲೋ ಅಂದರೆ 104. ಅದರಲ್ಲಿ ನೀರಿಗೆ ಹೋದದ್ದು 11. ಉಳಿದದ್ದು ಗೋಡೆಗೆ, ಆಕಾಶಕ್ಕೆ ಮತ್ತು ಅಮ್ಮನ ಕಣ್ಣಿಗೆ.

ಅಪ್ಪ ಕುರ್ಚಿ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದರು. "ಸೌದೆ ತೋಟದಲ್ಲೇ ಉಂಟಲ್ಲ, ಅದಕ್ಕೆ ಯಾಕೆ ಲೆಕ್ಕ?" ಅಂದರು. ಸೌದೆ ಕಡಿದು, ಹೊತ್ತು, ಕೊಟ್ಟಗೆಗೆ ಒಟ್ಟುವವರ ಕೂಲಿ ಎಷ್ಟು ಅಂತ ಕೇಳಿದೆ. ಪೇಪರ್ ಓದಲು ಹೋದರು.

ಸೆಪ್ಟೆಂಬರ್ 21

ಮಹಾಲಯ ಅಮಾವಾಸ್ಯೆ. ಮಳೆ. ಕೆಲಸ ಇಲ್ಲ, ಬರೀ ಫೋನು. ತಾಮ್ರದ ಪಾತ್ರೆಗೆ ಬೆಸುಗೆ ಹಾಕುವವರು ಈಗ ಎಲ್ಲಿದ್ದಾರೆ ಅಂತ ನಾಲ್ಕು ಜನರನ್ನು ಕೇಳಿದೆ. ಮೊದಲು ಊರಿಗೆ ಬರುತ್ತಿದ್ದವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಐದನೆಯವರು ಒಂದು ಉಪಾಯ ಹೇಳಿದರು: ಫ್ರಿಜ್ ರಿಪೇರಿಯವರನ್ನು ಕರೆ. ನಿಜ ಅಲ್ವಾ! ಫ್ರಿಜ್, ಏಸಿ ಒಳಗೆ ಇರುವುದೆಲ್ಲ ತಾಮ್ರದ ಪೈಪು. ಅದನ್ನು ದಿನಾ ಬೆಸೆಯುವವರು ಅವರೇ.

ಬದಿಯಡ್ಕ ಕಡೆಯ ಒಬ್ಬರು ಮೆಕ್ಯಾನಿಕ್ ಸಿಕ್ಕಿದರು. ನನ್ನ ಮುರುಕು ಮಲಯಾಳದಲ್ಲಿ "ಚೆಂಬ್ ಓಟ್ಟಯಾಯಿ", ಅಂದರೆ ಚೆಂಬು ತೂತಾಯಿತು, ಅಂದೆ. ಚೆಂಬು ಅಂದರೆ ಅವರಲ್ಲಿ ತಾಮ್ರವೂ ಹೌದು, ದೊಡ್ಡ ಪಾತ್ರೆಯೂ ಹೌದು. ನಮ್ಮಲ್ಲಿ ಅದು ಕೈಯಲ್ಲಿ ಹಿಡಿಯುವ ನೀರಿನ ಪಾತ್ರೆ. ಅವರು ಅಂದಾಜು ಮಾಡಿದ್ದು ಬಿರಿಯಾನಿ ಪಾತ್ರೆ ಅಂತ ಆಮೇಲೆ ತಿಳಿಯಿತು. ಅಕ್ಟೋಬರ್ 4ಕ್ಕೆ ಬರುತ್ತೇನೆ, ಅದಕ್ಕೆ ಮುಂಚೆ ಪುರುಸೊತ್ತಿಲ್ಲ ಅಂದರು. ಎರಡು ವಾರ ಮುಂಚೆ ಕೇಳಿದ್ದಕ್ಕೆ ಅದಾದರೂ ಸಿಕ್ಕಿತು.

ಸೆಪ್ಟೆಂಬರ್ 28, ಆದಿತ್ಯವಾರ

ಹಂಡೆ ಇಳಿಸುವ ದಿನ. ತೋಟದ ಕೆಲಸಕ್ಕೆ ಬರುವ ಅಣ್ಣ ಮತ್ತು ನಾನು. ಕಂಠದ ಸುತ್ತ ಹಳೆಯ ಸಿಮೆಂಟ್ ಕಟ್ಟಿತ್ತು. ಹತ್ತು ವರ್ಷ ಹಿಂದೆ ಒಬ್ಬರು ಗಾರೆಯವರು "ಇನ್ನು ಜನ್ಮಕ್ಕೆ ಅಲುಗುವುದಿಲ್ಲ" ಅಂತ ಮೆತ್ತಿ ಹೋದದ್ದು. ಅದು ಉಗುರಿನಲ್ಲಿ ಕೆರೆದರೆ ಪುಡಿಯಾಗಿ ಉದುರಿತು. ಇದರಲ್ಲಿ ಆಶ್ಚರ್ಯ ಇಲ್ಲ. ಸಿಮೆಂಟ್ ಗಟ್ಟಿಯಾಗುವುದು ನೀರನ್ನು ಹಿಡಿದುಕೊಂಡು. 400–500 ಡಿಗ್ರಿ ಬೆಂಕಿ ತಗುಲಿದರೆ ಆ ನೀರು ಬಿಟ್ಟುಹೋಗುತ್ತದೆ, ಗಾರೆ ಸುಣ್ಣದ ಪುಡಿಯ ಹಾಗೆ ಆಗುತ್ತದೆ. ಮೇಲಿಂದ ಮಳೆಗಾಲದ ತೇವ ಸೇರಿದರೆ ಉಬ್ಬಿ ಬಿರಿಯುತ್ತದೆ. ಬೆಂಕಿ ಮುಟ್ಟುವ ಜಾಗಕ್ಕೆ ಮಾಮೂಲಿ ಸಿಮೆಂಟ್ ಹಾಕಲೇಬೇಡಿ. ಯಾರು ಎಷ್ಟೇ ಧೈರ್ಯ ಹೇಳಲಿ.

ಆಮೇಲೆ ಹೊಗೆ ಪೈಪು. ಏಣಿ ಹತ್ತಿ ನೋಡಿದರೆ ತುದಿಯ ಟೊಪ್ಪಿಯೇ ಇಲ್ಲ. ಜೂನ್ ಗಾಳಿಗೆ ಹಾರಿ ತೋಟದಲ್ಲೆಲ್ಲೋ ಬಿದ್ದಿರಬೇಕು. ಅಲ್ಲಿಗೆ ಕಥೆ ಪೂರ್ತಿ ಬಿಡಿಸಿಕೊಂಡಿತು. ಟೊಪ್ಪಿ ಹೋದದ್ದಕ್ಕೆ ಮಳೆನೀರು ಪೈಪಿನೊಳಗೆ ಇಳಿದಿದೆ. ನೀರು ಒಲೆಯ ಹಿಂಬದಿಯ ಮಣ್ಣನ್ನು ಕರಗಿಸಿದೆ. ಮಣ್ಣು ಕುಸಿದು ಹಂಡೆ ಒಂದು ಬದಿಗೆ ವಾಲಿದೆ. ವಾಲಿದಾಗ ಕಂಠದ ಗಾರೆ ಬಿರಿದಿದೆ. ಆ ಬಿರುಕಿನಿಂದ ಹೊಗೆ. ಮೂರು ತಿಂಗಳು ಅಮ್ಮ ಅತ್ತದ್ದು ಒಂದು ತಗಡಿನ ಟೊಪ್ಪಿಗೆ. ಮೇ ತಿಂಗಳಲ್ಲಿ ಮಾಡಿಗೆ (ಛಾವಣಿಗೆ) ಹತ್ತಿ ಒಂದು ಸ್ಕ್ರೂ ಬಿಗಿ ಮಾಡಿದ್ದರೆ ಮುಗಿಯುತ್ತಿತ್ತು.

ಪೈಪಿನ ಒಳಗೆ ಅರ್ಧ ಅಡಿ ಉದ್ದಕ್ಕೆ ಡಾಂಬರಿನ ಹಾಗೆ ಕಪ್ಪು ಪದರ, ಅದರ ಮೇಲೆ ಖಾಲಿಯಾದ ಕಣಜದ ಗೂಡು. ಖಾಲಿ ಅಂತ ಖಾತ್ರಿ ಮಾಡಿಕೊಂಡದ್ದು ಅಣ್ಣ, ದೂರದಿಂದ ಉದ್ದ ಕೋಲಿನಲ್ಲಿ. ಆ ಕಪ್ಪು ಪದರ ಹಸಿ ಸೌದೆಯ ಕೊಡುಗೆ. ಹಸಿ ಸೌದೆ ಪೂರ್ತಿ ಉರಿಯುವುದಿಲ್ಲ, ಅದರ ಹೊಗೆ ತಣ್ಣಗಿನ ಪೈಪಿಗೆ ತಾಗಿ ಅಂಟಾಗಿ ಕೂರುತ್ತದೆ. ಜಾಸ್ತಿಯಾದರೆ ಅದಕ್ಕೇ ಬೆಂಕಿ ಹತ್ತುವುದೂ ಉಂಟು.

ಒಂದು ಎಚ್ಚರಿಕೆ. ನಮ್ಮದು ಹಳೆಯ ಸಿಮೆಂಟ್ ಶೀಟಿನ ಪೈಪು, ಅಂದರೆ ಕಲ್ನಾರು ಸೇರಿದ್ದು. ಅದನ್ನು ಒಣಗಿದ್ದಾಗ ಕೆರೆಯಬಾರದು, ಗರಗಸ ಹಾಕಬಾರದು. ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ಮೇಲೆ ಕ್ಯಾನ್ಸರ್ ತರುವಂಥದ್ದು. ನಾವು ನೀರು ಸುರಿದು ನೆನೆಸಿ, ಮಾಸ್ಕ್ ಹಾಕಿ, ಒಡೆಯದೆ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಟ್ಟಿಟ್ಟೆವು. ಅದರ ಬದಲಿಗೆ 6 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡಿನ ಪೈಪು ಮಾಡಿಸಲು ಕೊಟ್ಟೆ. ಮಾಡಿನಿಂದ 3 ಅಡಿ ಮೇಲೆ ಬರುವಷ್ಟು ಉದ್ದ. ಮಾಡಿನ ಮಟ್ಟದಲ್ಲೇ ನಿಂತರೆ ಗಾಳಿ ಹೊಗೆಯನ್ನು ವಾಪಸು ಒಳಗೆ ತಳ್ಳುತ್ತದೆ.

ಸಂಜೆ ಮಣ್ಣಿನ ಪರೀಕ್ಷೆ ಶುರು. ತೋಟದ ಬದಿಯ ಹಳೆ ಹುತ್ತದ ಮಣ್ಣು ತಂದು ಜರಡಿ ಹಿಡಿದೆವು. ಮೂರು ಉಂಡೆ ಕಟ್ಟಿದೆ. ಒಂದರಲ್ಲಿ ಮಣ್ಣು, ಮರಳು ಸಮಸಮ. ಒಂದರಲ್ಲಿ ಒಂದಕ್ಕೆ ಎರಡು ಮರಳು. ಒಂದರಲ್ಲಿ ಒಂದಕ್ಕೆ ಮೂರು. ಎಲ್ಲದಕ್ಕೂ ಒಂದು ಹಿಡಿ ಭತ್ತದ ಉಮಿ. ಜಗಲಿಯ ನೆರಳಿನಲ್ಲಿ ಸಾಲಾಗಿ ಇಟ್ಟೆ. ಅಪ್ಪ ದೂರದಿಂದ "ಇದು ಎಂಥ, ಎಳ್ಳುಂಡೆಯಾ?" ಅಂತ ಕೇಳಿದರು.

ಅಕ್ಟೋಬರ್ 4, ಶನಿವಾರ

ಈ ದಿನದ ಬಗ್ಗೆ ಜಾಸ್ತಿ ಬರೆಯಬೇಕು.

ಹಂಡೆಯ ತಳದಲ್ಲಿ ಬೆರಳು ದಪ್ಪದ ಮಸಿ. ಮೊದಲು ಮರದ ಹಲಗೆಯಲ್ಲಿ ಕೆರೆದೆ, ಕತ್ತಿ ಬಳಸಲಿಲ್ಲ, ತಾಮ್ರ ಮೆತ್ತಗಿನ ಲೋಹ. ಆಮೇಲೆ ಬಿಂಬುಳಿ. ನಮ್ಮ ಬಾವಿಕಟ್ಟೆಯ ಹತ್ತಿರದ ಮರದಲ್ಲಿ ಗೊಂಚಲು ಗೊಂಚಲಾಗಿ ಇರುತ್ತದೆ, ತಿನ್ನುವವರು ಇಲ್ಲ. ಜಜ್ಜಿ, ಉಪ್ಪು ಸೇರಿಸಿ ತೆಂಗಿನ ನಾರಿನಲ್ಲಿ ತಿಕ್ಕಿದರೆ ತಾಮ್ರ ಹತ್ತೇ ನಿಮಿಷಕ್ಕೆ ಹೊಸ ಪೈಸೆಯ ಹಾಗೆ ಹೊಳೆಯುತ್ತದೆ. ಅದರಲ್ಲಿರುವ ಆಕ್ಸಾಲಿಕ್ ಆಮ್ಲದ ಕೆಲಸ ಅದು. ಕೈ ಉರಿಯುವುದೂ ಅದರದ್ದೇ.

ತೂತು ಹುಡುಕಿದ್ದು ಅಮ್ಮನ ಉಪಾಯದಿಂದ. ಹಂಡೆಯ ಒಳಗೆ ಉರಿಯುವ ಟಾರ್ಚು ಇಟ್ಟು, ಬಾಯಿಗೆ ಗೋಣಿ ಮುಚ್ಚಿ, ಕೊಟ್ಟಗೆಯ ಕತ್ತಲಲ್ಲಿ ಹೊರಗಿನಿಂದ ನೋಡುವುದು. ತಳದಲ್ಲಿ ಎರಡು ನಕ್ಷತ್ರ ಕಂಡವು. ಒಂದು ಹಳೆಯ ಬೆಸುಗೆಯ ಅಂಚಿನಲ್ಲಿ, ಇನ್ನೊಂದು ಅದರಿಂದ ಎರಡು ಬೆರಳು ಆಚೆ.

ಹಳೆಯ ಬೆಸುಗೆ ತವರ, ಸೀಸದ್ದು. ಈ ಮಿಶ್ರಣ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಕೆಳಗೆ 700 ಡಿಗ್ರಿ ಬೆಂಕಿ ಇರುವಾಗ ಅದು ಇಷ್ಟು ವರ್ಷ ನಿಂತದ್ದು ಹೇಗೆ? ಒಳಗೆ ನೀರಿತ್ತು, ಅದಕ್ಕೆ. ನೀರು ಇರುವಷ್ಟು ಹೊತ್ತು ತಾಮ್ರದ ತಳ 100 ಡಿಗ್ರಿಗಿಂತ ತುಂಬ ಮೇಲೆ ಹೋಗುವುದಿಲ್ಲ, ಬೆಂಕಿಯ ಶಾಖವನ್ನೆಲ್ಲ ನೀರು ಎಳೆದುಕೊಳ್ಳುತ್ತದೆ. ಕಾಗದದ ಕಪ್ಪಿನಲ್ಲಿ ನೀರು ಕುದಿಸುವ ಪ್ರಯೋಗ ಎಂಟನೇ ಕ್ಲಾಸಿನ ಮಕ್ಕಳಿಗೆ ಮಾಡಿ ತೋರಿಸುವವ ನಾನು. ಅದೇ ನಾನು ಜುಲೈಯಲ್ಲಿ ಒಂದು ದಿನ ಕರೆಂಟ್ ಇಲ್ಲದಾಗ, ಪಂಪು ಬಿಟ್ಟಾಗ ತುಂಬುತ್ತದೆ ಅಂತ ಅಂದುಕೊಂಡು, ತಳದಲ್ಲಿ ನಾಲ್ಕು ಚೆಂಬು ನೀರಿದ್ದ ಹಂಡೆಗೆ ಬೆಂಕಿ ಹಾಕಿ ಪೇಟೆಗೆ ಹೋಗಿದ್ದೆ. ಬಂದು ನೋಡಿದಾಗ ಹಂಡೆ ಒಣಗಿತ್ತು. ಆವತ್ತಿನಿಂದ ಸೋರುತ್ತಿದ್ದದ್ದು. ಮನೆಯಲ್ಲಿ ಇದನ್ನು ಇನ್ನೂ ಹೇಳಿಲ್ಲ.

ಮೆಕ್ಯಾನಿಕ್ ಬಂದು ಹಂಡೆ ನೋಡಿ ಒಂದು ನಿಮಿಷ ಸುಮ್ನೆ ನಿಂತರು. "ಇದ್ ಫ್ರಿಡ್ಜಾಣೋ ಮಾಷೇ?" (ಇದು ಫ್ರಿಜ್ಜಾ ಮೇಷ್ಟ್ರೇ?) ಅಂತ ನಕ್ಕರು. ಆದರೂ ಶುರು ಮಾಡಿದರು. ತೂತಿನ ಸುತ್ತ ಎಮರಿ ಕಾಗದದಲ್ಲಿ ಉಜ್ಜಿ, ಹಳೆಯ ತವರವನ್ನೆಲ್ಲ ಕಾಯಿಸಿ ಒರೆಸಿ ತೆಗೆದರು. ಅದು ಸ್ವಲ್ಪ ಉಳಿದರೂ ಹೊಸ ಬೆಸುಗೆ ಹಿಡಿಯುವುದಿಲ್ಲವಂತೆ. ದಪ್ಪ ಪೈಪಿನ ತುಂಡೊಂದನ್ನು ಸೀಳಿ ಚಪ್ಪಟೆ ಮಾಡಿ, ಎರಡೂ ತೂತು ಮುಚ್ಚುವಷ್ಟು ತೇಪೆ ಕತ್ತರಿಸಿದರು. ಬೆಸುಗೆಗೆ ರಂಜಕ ಸೇರಿದ ತಾಮ್ರದ ಕಡ್ಡಿ. ಅದರ ಗುಣ ಏನೆಂದರೆ ತಾಮ್ರಕ್ಕೆ ತಾಮ್ರ ಬೆಸೆಯುವಾಗ ಲೋಹವನ್ನು ಶುದ್ಧವಾಗಿಡುವ ಫ್ಲಕ್ಸ್ ಪುಡಿ ಬೇರೆ ಬೇಡ, ರಂಜಕವೇ ಆ ಕೆಲಸ ಮಾಡುತ್ತದೆ. ಕರಗಲು 650 ಡಿಗ್ರಿ ದಾಟಬೇಕು.

ಅಲ್ಲೇ ಸಿಕ್ಕಿಕೊಂಡೆವು. ಪೈಪಾದರೆ ಅರ್ಧ ನಿಮಿಷಕ್ಕೆ ಕೆಂಪಾಗುತ್ತದೆ. ಹಂಡೆ ಆಗಲಿಲ್ಲ. ಬೆಸುಗೆಯ ಗ್ಯಾಸ್ ಟಾರ್ಚಿನ ಶಾಖ ಎಷ್ಟು ಕೊಟ್ಟರೂ ತಾಮ್ರ ಅದನ್ನು ಮೈಪೂರ್ತಿ ಹಂಚಿ ತಣ್ಣಗೆ ಕೂತಿತ್ತು. ಕಡ್ಡಿ ಕರಗಿ ಮಣಿಯಾಗಿ ಉರುಳಿ ಬಿತ್ತು. ಕಾಲು ಗಂಟೆ ಗ್ಯಾಸ್ ಸುಮ್ನೆ ಹೋಯಿತು. ಆಗ ಕುರ್ಚಿಯಿಂದ ಅಪ್ಪನ ದನಿ: "ತೆಂಗಿನ ಗೆರಟೆ ಕೆಂಡ ಮಾಡಿ ಮಾರಾಯರೇ. ಮೊದಲಿನವರು ಹಾಗೇ ಮಾಡುತ್ತಿದ್ದದ್ದು."

ಹಂಡೆಯನ್ನು ನಾಲ್ಕು ಕೆಂಪುಕಲ್ಲಿನ ಮೇಲೆ ಕವುಚಿ ಹಾಕಿದೆವು. ಅಡಿಯಲ್ಲಿ, ಅಂದರೆ ಹಂಡೆಯ ಹೊಟ್ಟೆಯೊಳಗೆ, ಒಂದು ಬಾಣಲೆ ತುಂಬ ಗೆರಟೆ ಕೆಂಡ, ಕಲ್ಲಿನ ಸಂದಿಯಿಂದ ಹಳೆಯ ಹೇರ್ ಡ್ರೈಯರಿನ ಗಾಳಿ. ಇಪ್ಪತ್ತು ನಿಮಿಷಕ್ಕೆ ತಳ ಒಳಗಿನಿಂದಲೇ ಕಾಯ್ದಿತು. ಅದರ ಮೇಲೆ ಟಾರ್ಚು ಹಿಡಿದಾಗ ತೇಪೆಯ ಸುತ್ತ ಮಬ್ಬು ಕೆಂಪು ಬಂತು, ಕಡ್ಡಿ ತುಪ್ಪದ ಹಾಗೆ ಸಂದಿಗೆ ಇಳಿಯಿತು. ಮೆಕ್ಯಾನಿಕ್ ಅಪ್ಪನಿಗೆ ಕೈ ಮುಗಿದರು. ಅಪ್ಪ ಆ ದಿನ ಊಟಕ್ಕೆ ಎರಡು ಸಲ ಪಾಯಸ ಹಾಕಿಸಿಕೊಂಡರು.

ತಣಿದ ಮೇಲೆ ಒಣ ಬೂದಿ ಹರಡಿ, ಅದರ ಮೇಲೆ ಕಲ್ಲಿಟ್ಟು ಹಂಡೆ ಕೂರಿಸಿ, 80 ಲೀಟರ್ ತುಂಬಿಸಿ ರಾತ್ರಿಯಿಡೀ ಬಿಟ್ಟೆ. ಒಂದು ಹನಿ ಬಿದ್ದರೂ ಬೂದಿಯಲ್ಲಿ ಕುಳಿ ಬೀಳುತ್ತದೆ. ಬೆಳಗ್ಗೆ ಬೂದಿ ಹಾಗೇ ಇತ್ತು, ಬೆಕ್ಕಿನ ಹೆಜ್ಜೆ ಬಿಟ್ಟು. ಖರ್ಚು ಗ್ಯಾಸ್, ಕಡ್ಡಿ, ಕೂಲಿ ಎಲ್ಲ ಸೇರಿ 900 ರೂಪಾಯಿ.

ಅಕ್ಟೋಬರ್ 5, ಆದಿತ್ಯವಾರ

ಉಂಡೆಗಳ ಫಲಿತಾಂಶ. ಸಮಸಮದ್ದು ಬಿರಿದಿತ್ತು. ಒಂದಕ್ಕೆ ಮೂರರದ್ದು ಬೆರಳಲ್ಲಿ ಒತ್ತಿದರೆ ಉದುರಿತು. ಒಂದಕ್ಕೆ ಎರಡು ಮರಳಿನದ್ದು ಗಟ್ಟಿ. ಅದರಲ್ಲೇ ಕಟ್ಟಿದೆವು.

ಹಳೆಯ ಒಲೆಯಲ್ಲಿ ಹಂಡೆ ಗೋಡೆಗೆ ತಾಗಿಯೇ ಕೂತಿತ್ತು. ಬೆಂಕಿ ತಳಕ್ಕೆ ಮಾತ್ರ ತಗುಲಿ ನೇರ ಪೈಪಿಗೆ ಓಡುತ್ತಿತ್ತು. ಈ ಸಲ ಹಂಡೆಯ ಸುತ್ತ ಒಂದೂಕಾಲು ಇಂಚು ಜಾಗ ಬಿಟ್ಟೆವು, ಉರಿ ಹೊಟ್ಟೆಯನ್ನೆಲ್ಲ ಸುತ್ತಿ ಹಿಂದಿನಿಂದ ಹೊರಗೆ ಹೋಗಲಿ ಅಂತ. ಕೆಳಗೆ ಕಬ್ಬಿಣದ ಸರಳಿನ ಜಾಲಿ, ಅದರ ಅಡಿಯಲ್ಲಿ ಬೂದಿ ಗುಂಡಿ. ಗಾಳಿ ಕೆಳಗಿನಿಂದ ಬಂದರೆ ಸೌದೆ ಪೂರ್ತಿ ಉರಿಯುತ್ತದೆ. ಜಾಲಿಗೂ ಹಂಡೆಯ ತಳಕ್ಕೂ 8 ಇಂಚು. ಇದು ನನ್ನ ತಲೆಯಿಂದ ಬಂದದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ತಂಡ ಹಳ್ಳಿಯ ಒಲೆಗಳ ಮೇಲೆ ಕೆಲಸ ಮಾಡಿತ್ತು. ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಲ್ಲಿ ತುಂಬ ಮನೆಗೆ ಹೋಯಿತು. ಜಾಲಿ, ಅಳತೆ ಇಟ್ಟ ಸಂದಿ, ಹೊಗೆ ಪೈಪು, ಮುಚ್ಚಿದ ಒಲೆ, ಮೂಲ ವಿಷಯ ಇಷ್ಟೇ.

ಕಂಠದ ಸುತ್ತ ಮಣ್ಣನ್ನು ನೇರ ತಾಮ್ರಕ್ಕೆ ಅಂಟಿಸಲಿಲ್ಲ. ತಾಮ್ರ ಕಾದಾಗ ಹಿಗ್ಗುತ್ತದೆ, ಮಣ್ಣು ಅಷ್ಟು ಹಿಗ್ಗುವುದಿಲ್ಲ. ನಡುವೆ ಬೂದಿಯಲ್ಲಿ ಅದ್ದಿದ ಹಳೆಯ ಸೆಣಬಿನ ಹಗ್ಗ ಎರಡು ಸುತ್ತು ಬಿಗಿದು, ಅದರ ಹೊರಗೆ ಮಣ್ಣು. ಹಗ್ಗ ಸುಟ್ಟುಹೋದರೂ ಬೂದಿ ಉಳಿಯುತ್ತದೆ, ಸಂದಿ ಮೆತ್ತಗೆ ಇರುತ್ತದೆ.

ಅಕ್ಟೋಬರ್ 8

ಮಧ್ಯಾಹ್ನ ಮೂರಕ್ಕೆ ಗುಡುಗು, ಮಳೆ. ಮಣ್ಣು ಇನ್ನೂ ಹಸಿ. ದಿನಕ್ಕೆ ಅರ್ಧ ಗಂಟೆ ಅಡಿಕೆ ಹಾಳೆಯ ಸಣ್ಣ ಉರಿ ಮಾತ್ರ, ಹಂಡೆಯಲ್ಲಿ ನೀರು ತುಂಬಿಯೇ. ಕೂದಲೆಳೆ ಬಿರುಕು ಬಿಟ್ಟಲ್ಲಿಗೆ ಸಗಣಿ, ಮಣ್ಣಿನ ತೆಳು ಗಂಜಿ ಬಳಿದೆ. ಅವಸರಕ್ಕೆ ದೊಡ್ಡ ಬೆಂಕಿ ಹಾಕಿದರೆ ಒಳಗಿನ ನೀರು ಆವಿಯಾಗಿ ಮಣ್ಣನ್ನೇ ಸಿಡಿಸುತ್ತದೆ.

ಅಕ್ಟೋಬರ್ 11

ಮಹಡಿಯ ಬಚ್ಚಲಿನ ಗೀಸರ್. ಕರೆಂಟಿನ ವಿಷಯದಲ್ಲಿ ನನ್ನ ಧೈರ್ಯ ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚಿನ) ಟೆಸ್ಟ್ ಬಟನ್ ಒತ್ತುವಷ್ಟು ಮಾತ್ರ. ಒತ್ತಿದೆ, ಟಕ್ ಅಂತ ಬಿತ್ತು, ಸಂತೋಷ. ಉಳಿದದ್ದು ಎಲೆಕ್ಟ್ರಿಷಿಯನ್ ಕೆಲಸ. ಟ್ಯಾಂಕಿನೊಳಗಿನ ಮೆಗ್ನೀಸಿಯಂ ಕಡ್ಡಿ ಬಿಚ್ಚಿದರೆ ಸರಿಗೆಯಷ್ಟು ಉಳಿದಿತ್ತು. ಟ್ಯಾಂಕಿನ ಬದಲು ತಾನು ಸವೆಯಲಿ ಅಂತಲೇ ಅದನ್ನು ಹಾಕಿರುವುದು. ಮುರಕಲ್ಲಿನ (ಕೆಂಪುಕಲ್ಲಿನ) ನೆಲದ ಬಾವಿನೀರು ನಮ್ಮಲ್ಲಿ ಸ್ವಲ್ಪ ಹುಳಿ, ಅಂದರೆ ಆಮ್ಲದ ಗುಣದ್ದು. ಕೊಳವೆಯಲ್ಲಿ ಬಿಳಿ ಪೊರೆ ಕಟ್ಟುವ ಕಾಟ ಕಡಿಮೆ, ಲೋಹ ತಿನ್ನುವ ಕಾಟ ಜಾಸ್ತಿ. ಹೊಸ ಕಡ್ಡಿ ಹಾಕಿಸಿದೆ.

ಗೀಸರ್ ಇದ್ದ ಮೇಲೆ ಹಂಡೆ ಯಾಕೆ ಅಂತ ಕೇಳುವವರಿಗೆ: ಗೀಸರ್ 15 ಲೀಟರ್. ಮತ್ತೆ ವೋಲ್ಟೇಜ್. 230 ಇರಬೇಕಾದಲ್ಲಿ 180 ಬಂದರೆ 2 ಕಿಲೋವ್ಯಾಟ್ ಕಾಯಿಲ್ 1.2 ಕಿಲೋವ್ಯಾಟ್ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಸಾಲು ಪಂಪುಗಳು ಓಡುವಾಗ ಅದೂ ಸಿಗುವುದಿಲ್ಲ. ಸೋಲಾರ್‌ಗೆ ಬಿಸಿಲು ಬೇಕು, ನಮ್ಮ ಮಾಡಿಗೆ ಅಡಿಕೆ ಮರಗಳ ನಡುವಿನಿಂದ ಬಿಸಿಲು ಹತ್ತಕ್ಕೆ ಬಂದು ಮೂರಕ್ಕೆ ಹೋಗುತ್ತದೆ.

ಗ್ಯಾಸ್ ಗೀಸರ್ ಬಗ್ಗೆ ತಂಗಿಯ ಗಂಡ ಫೋನಿನಲ್ಲಿ ಕೇಳಿದರು, ಅದನ್ನು ಬಚ್ಚಲಿನ ಒಳಗೇ ಹಾಕಬಹುದಾ ಅಂತ. ಬೇಡವೇ ಬೇಡ ಭಾವ ಅಂದೆ. ಕದ ಹಾಕಿದ ಸಣ್ಣ ಕೋಣೆಯಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ತಲೆ ತಿರುಗುವಷ್ಟರಲ್ಲಿ ಕದ ತೆಗೆಯುವ ಶಕ್ತಿಯೇ ಹೋಗಿರುತ್ತದೆ. ಅದನ್ನು ಹೊರಗಿನ ಗೋಡೆಗೆ ಹಾಕಿ ಪೈಪಿನಲ್ಲಿ ನೀರು ತರಬೇಕು. ಬಾಣಂತಿ ಕೋಣೆಯ ಕಿಟಕಿ, ಸಂದಿ ಎಲ್ಲ ಗಾಳಿ ಬಾರದ ಹಾಗೆ ಮುಚ್ಚಿ ಒಳಗೆ ಕೆಂಡದ ಬಾಣಲೆ ಇಡುವುದೂ ಇದೇ ಜಾತಿಯದ್ದು. ಅಮ್ಮನಿಗೂ ಇದನ್ನು ಹೇಳಿದೆ. "ನಿನ್ನನ್ನು ಹಾಗೇ ಬೆಳೆಸಿದ್ದು" ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ, ಆದರೆ ಕೆಂಡ ಇಡಲು ಬಿಡುವುದಿಲ್ಲ.

ಅಕ್ಟೋಬರ್ 12, ಆದಿತ್ಯವಾರ

ಹೊಸ ಪೈಪು, ಹೊಸ ಟೊಪ್ಪಿ ಹಾಕಿ ಮೊದಲ ದೊಡ್ಡ ಬೆಂಕಿ. ಹೊಗೆ ಒಲೆಯ ಬಾಯಿಯಿಂದಲೇ ವಾಪಸು ಬಂತು. ಎದೆ ಧಸಕ್ ಅಂದಿತು. ಊದುಬತ್ತಿ ಹಚ್ಚಿ ಒಲೆಯ ಬಾಯಿಗೆ ಹಿಡಿದೆ. ಹೊಗೆಯ ಎಳೆ ಒಳಗೆ ಹೋಗಬೇಕು, ಅದು ನನ್ನ ಮುಖಕ್ಕೇ ಬರುತ್ತಿತ್ತು. ಬಿರುಕು ಹುಡುಕಿದೆ, ಇಲ್ಲ. ಪೈಪು ಖಾಲಿ. ಕೊನೆಗೆ ಮಾಡಿಗೆ ಹತ್ತಿ ನೋಡಿದರೆ ತಪ್ಪು ನನ್ನದೇ. ಈ ಸಲ ಗಾಳಿಗೆ ಹಾರಬಾರದು ಅಂತ ಟೊಪ್ಪಿಯನ್ನು ಪೈಪಿಗೆ ಒಂದೇ ಇಂಚು ಬಿಟ್ಟು ಒತ್ತಿ ಕೂರಿಸಿದ್ದೆ. ಮಳೆಯೂ ಹೋಗುವುದಿಲ್ಲ, ಹೊಗೆಯೂ ಹೋಗುವುದಿಲ್ಲ. ಉದ್ದದ ಪಟ್ಟಿ ಹಾಕಿ 4 ಇಂಚು ಎತ್ತಿದೆ. ಕೆಳಗಿನಿಂದ ಅಣ್ಣ "ಎಳೆಯಿತು ಎಳೆಯಿತು" ಅಂತ ಕೂಗಿದರು. ಒಲೆ ಗುಂಯ್ ಅನ್ನುವ ಸದ್ದು ಮಾಡತೊಡಗಿತು. ಆ ಸದ್ದು ಕೇಳಿಯೇ ಎಷ್ಟೋ ವರ್ಷವಾಗಿತ್ತು.

ಸೌದೆಯ ಬಗ್ಗೆ ಎರಡು ಮಾತು. ಎರಡು ಕೊಳ್ಳಿ ಒಂದಕ್ಕೊಂದು ಬಡಿದರೆ ಟಣ್ ಅನ್ನಬೇಕು, ದಪ್ ಅಂದರೆ ಹಸಿ. ಕೊಟ್ಟಗೆಯ ಕೆಳಸಾಲು ನೆಲದ ತೇವ ಕುಡಿದಿತ್ತು. ಅದರ ಕೆಳಗೆ ಹಳೆಯ ಅಡಿಕೆ ಮರದ ಸೀಳು ಹಾಸಿ ಮತ್ತೆ ಒಟ್ಟಿದೆವು. ಗೇರುಬೀಜದ ಸಿಪ್ಪೆ ಮಾತ್ರ ಒಲೆಗೆ ಹಾಕಬೇಡಿ. ಚೆನ್ನಾಗಿ ಉರಿಯುತ್ತದೆ ನಿಜ. ಆದರೆ ಅದರ ಎಣ್ಣೆ ಕೈಗೆ ತಾಗಿದರೆ ಬೊಬ್ಬೆ ಬರುತ್ತದೆ, ಹೊಗೆ ಕಣ್ಣು, ಗಂಟಲು ಸುಡುತ್ತದೆ.

ಅಕ್ಟೋಬರ್ 18, ಶನಿವಾರ

ಥರ್ಮಾಮೀಟರ್ ಮತ್ತೆ ತಂದೆ. ಅದೇ 80 ಲೀಟರ್, 26ರಿಂದ 60. 3 ಕಿಲೋ 400 ಗ್ರಾಂ ಸೌದೆ, 50 ನಿಮಿಷ. ಸೌದೆಯ ನೂರು ಪಾಲಿನಲ್ಲಿ ಈಗ 21 ಪಾಲು ನೀರಿಗೆ ಹೋಗುತ್ತಿದೆ. ಆದರೆ ಪೂರ್ತಿ ಹೆಸರು ಒಲೆಗೆ ಕೊಡುವುದು ಸರಿಯಲ್ಲ. ಸೆಪ್ಟೆಂಬರಿನ ಸೌದೆ ಈಗಿನದಕ್ಕಿಂತ ಹಸಿ ಇತ್ತು. ಜನವರಿಯಲ್ಲಿ ಇನ್ನೊಮ್ಮೆ ತೂಗಬೇಕು.

ಅಕ್ಟೋಬರ್ 19

ನೀರು ತುಂಬುವ ಹಬ್ಬ. ಹಂಡೆಗೆ ಸುಣ್ಣದ ಪಟ್ಟೆ, ಕೆಂಪು ಮಣ್ಣಿನ ಬೊಟ್ಟು, ಕಂಠಕ್ಕೆ ಬಳ್ಳಿ. ಮಗಳು ಜಾಗಟೆ, ನಾನು ಕೊಡ. ಬಾವಿಯಿಂದ ಎಂಟು ಬಕೆಟ್. ಈ ಸಲ ತಿಕ್ಕುವ ಕೆಲಸ ಐದೇ ನಿಮಿಷ.

ಮುಂದಿನ ವರ್ಷದ ಹೊಸ ಕ್ಯಾಲೆಂಡರ್ ಇನ್ನೂ ಬಂದಿಲ್ಲ, ಪಂಚಾಂಗ ನೋಡಿದೆ. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ನರಕ ಚತುರ್ದಶಿ ನವೆಂಬರ್ 8ಕ್ಕೆ ಹೋಗುತ್ತದೆ. ಮಳೆಗೆ ಅಧಿಕ ಮಾಸ ಗೊತ್ತಿಲ್ಲ. ಹಬ್ಬದಿಂದ ಹಿಂದಕ್ಕೆ ಎಣಿಸಿದರೆ ಮಣ್ಣಿನ ಕೆಲಸ ಸರಿಯಾಗಿ ತುಲಾವರ್ಷದ ನಡುವೆ ಬೀಳುತ್ತದೆ. ಆದ್ದರಿಂದ ಎರಡು ಕಡೆ ಬರೆದೆ. ಮೇ ತಿಂಗಳ ಕೊನೆಯ ಆದಿತ್ಯವಾರ: ಟೊಪ್ಪಿಯ ಸ್ಕ್ರೂ. ಸೆಪ್ಟೆಂಬರ್ ಕೊನೆಯ ಆದಿತ್ಯವಾರ: ಹಂಡೆ, ಪೈಪು.

ಅಕ್ಟೋಬರ್ 20

ಬೆಳಗಿನ ಜಾವ ಮೂರೂವರೆಗೆ ಒಲೆ ಹಚ್ಚಿದೆ. ನಾಲ್ಕು ಗಂಟೆಗೆ ಅಪ್ಪ ಎಣ್ಣೆ ಹಚ್ಚಿಕೊಂಡು ಬಂದು ಬಚ್ಚಲಿನ ಬಾಗಿಲಲ್ಲಿ ನಿಂತು, "ಹೊಗೆಯೇ ಇಲ್ಲ, ಬೆಂಕಿ ಹಾಕಿದ್ದೀಯೋ ಇಲ್ಲವೋ?" ಅಂತ ಗದರಿದರು. ಹಂಡೆಗೆ ಕೈ ಹಾಕಿ ನೋಡಿ ಅಂದೆ. ಹಾಕಿ ಕೈ ಎಳೆದುಕೊಂಡರು.

ಎಲ್ಲರದ್ದೂ ಆದ ಮೇಲೆ ಟಾರ್ಚು ಹಿಡಿದು ಕಂಠದ ಸುತ್ತ ನೋಡಿದೆ. ಎಡಗಡೆ, ಪೈಪಿನ ಬದಿಗೆ, ಮಣ್ಣಿನಲ್ಲಿ ಒಂದೂವರೆ ಇಂಚಿನ ಕೂದಲೆಳೆ ಬಿರುಕು. ಊದುಬತ್ತಿ ಹಿಡಿದರೆ ಹೊಗೆ ಒಳಗೇ ಎಳೆಯುತ್ತದೆ, ಹಾಗಾಗಿ ಸದ್ಯಕ್ಕೆ ಮುಟ್ಟುವುದಿಲ್ಲ. ಬಿರುಕಿನ ಎರಡೂ ತುದಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಕು ಬರೆದಿದ್ದೇನೆ. ಗೆರೆ ದಾಟಿದರೆ ತಂಗಿ ಬರುವ ಮುಂಚೆ ಇನ್ನೊಂದು ಕೈ ಮಣ್ಣು.